ಸತ್ಯಾಂಶ: ದೊಡ್ಡ ಇಂಜಿನ್ ಬಿಟ್ಟರೆ ಮಾರಾಟ ಮುಗೀತಾ?

ಜೋರಾಗಿ ಓಡುವ ಇಂಜಿನ್ ಕೈಬಿಟ್ಟ ಕಾರು ಕಂಪನಿ ಮುಳುಗಿದ ಹಾಗೇ ಅನ್ನುವ ಫಾರ್ವರ್ಡ್ ಆಗಾಗ ಬರುತ್ತದೆ. ಲೆಕ್ಕ ಅಷ್ಟು ಸುಲಭ ಅಲ್ಲ. ಫೋರ್ಡ್ ಕಂಪನಿಯ 1974ರ ಮಸ್ಟಾಂಗ್ ಕಾರು ನೋಡಿ: ಆ ವರ್ಷ ಅಮೆರಿಕದಲ್ಲಿ ಅದಕ್ಕೆ ವಿ8 (ಎಂಟು ಸಿಲಿಂಡರ್‌ನ ದೊಡ್ಡ) ಇಂಜಿನ್ನೇ ಇರಲಿಲ್ಲ, ಆದರೂ 3.8 ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು, ಹಿಂದಿನ ವರ್ಷದ ದುಪ್ಪಟ್ಟಿಗಿಂತ ಹೆಚ್ಚು, ಯಾಕೆಂದರೆ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್‌ಗೆ ಕ್ಯೂ ನಿಂತ ಜನಕ್ಕೆ ಬೇಕಾಗಿದ್ದೇ ಚಿಕ್ಕ ಕಾರು. ಅಭಿಮಾನಿಗಳ ಬೇಸರ ಸುಳ್ಳಲ್ಲ, ಮರುವರ್ಷವೇ ವಿ8 ವಾಪಸ್ ಬಂತು. ಆದರೆ ಸಂಖ್ಯೆ ಏರಲಿಲ್ಲ, ಅರ್ಧದಷ್ಟಾಯಿತು!

ಇಂಥ ಮೆಸೇಜ್ ಬಂದರೆ ಒಂದು ತಿಂಗಳಲ್ಲಿ ಮಾರಾಟ ಶೇಕಡಾ ಎಷ್ಟು ಬಿತ್ತು ಅನ್ನುವ ಲೆಕ್ಕ ಬಿಡಿ. ಆ ಮಾಡೆಲ್‌ನ ಕೆಲವು ವರ್ಷಗಳ ಮಾರಾಟ ಹುಡುಕಿ, ಇಡೀ ಮಾರುಕಟ್ಟೆಯ ಜೊತೆ ಹೋಲಿಸಿ. ಆ ಇಂಜಿನ್ ತಗೊಂಡವರು ನೂರಕ್ಕೆ ಎಷ್ಟು ಜನ, ಬೆಲೆ ಅದೇ ಸಮಯಕ್ಕೆ ಏರಿತ್ತಾ, ಅದನ್ನೂ ನೋಡಿ.