ಸಿಂಗಾಪುರದ ತಾಂಬೂಲ

ಆಫೀಸಿನ ಮಲಯ್ ಗೆಳತಿ ತನ್ನ ತಂಗಿಯ ಮದುವೆಗೆ ಕರೆದಳು. ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕು ಅಂದಳು. ಮನೆಯವರು ಅಂದರೆ ಆ ತಿಂಗಳು ಹಾಸನದಿಂದ ಬಂದಿದ್ದ ನಮ್ಮತ್ತೆ. ಗಂಡನಿಗೆ ಅವತ್ತು ಆಫೀಸ್ ಕೆಲಸವಿತ್ತಂತೆ. ನಾವು ಹೊರಟಾಗ ಮುಸುಕು ಹಾಕಿಕೊಂಡು ಮಾಡುತ್ತಿದ್ದರು.

ಕಾರ್ಡಿನಲ್ಲಿ 11ರಿಂದ 4 ಅಂತಿತ್ತು. "ಐದು ಗಂಟೆ ಹೊತ್ತಿನ ಮುಹೂರ್ತನಾ? ಅದ್ಯಾವ ಲಗ್ನನೇ?" ಅಂದರು ಅತ್ತೆ. ಅದು ಊಟಕ್ಕೆ ಬಂದು ಹೋಗುವ ಟೈಮು ಅಂತ ನನಗಾದರೂ ಎಲ್ಲಿ ಗೊತ್ತಿತ್ತು? ಧಾರೆ ತಪ್ಪಬಾರದು ಅಂತ ಹತ್ತೂವರೆಗೇ ಹೋಗಿ ಕೂತೆವು. ಕುರ್ಚಿ ಹಾಕುವ ಹುಡುಗರು ನಮ್ಮನ್ನು ಎರಡು ಸಲ ಎಬ್ಬಿಸಿದರು.

ಸಿಂಗಾಪುರದಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಇರುವುದು ಸರ್ಕಾರ ಕಟ್ಟಿಸಿದ ಫ್ಲ್ಯಾಟುಗಳಲ್ಲಿ. ಅವುಗಳ ಕೆಳಗೆ ವಾಯ್ಡ್ ಡೆಕ್ ಅಂತ ಖಾಲಿ ಜಾಗ ಬಿಟ್ಟಿರುತ್ತಾರೆ. ಮಲಯ್ ಮದುವೆಗೂ ಅದೇ, ಚೀನೀಯರ ಸಾವಿನ ಕಾರ್ಯಕ್ಕೂ ಅದೇ. ಇದನ್ನು ಅಲ್ಲಿ ಕೂತು ಅತ್ತೆಗೆ ಹೇಳಬಾರದಿತ್ತು. ಆಮೇಲೆ ಅರ್ಧ ಗಂಟೆ ಅವರು ಕುರ್ಚಿಗೆ ಒರಗಲೇ ಇಲ್ಲ.

ಗೆಳತಿ ಬಂದು, ನಿಕಾಹ್ ಹಿಂದಿನ ದಿನವೇ ಆಯಿತು, ಇವತ್ತು ಬರ್ಸಾಂದಿಂಗ್, ಗಂಡು ಹೆಣ್ಣನ್ನು ರಾಜ ರಾಣಿ ಹಾಗೆ ಮಂಟಪದಲ್ಲಿ ಕೂರಿಸುವುದು ಅಂದಳು. "ಆರತಕ್ಷತೆ ಅನ್ನು ಮತ್ತೆ," ಅಂದರು ಅತ್ತೆ. ಅಲ್ಲಿಂದ ಅವರಿಗೆ ಧೈರ್ಯ ಬಂತು. ನನಗೆ ಹೋಯಿತು.

ಒಂದು ಗಂಟೆ ಹೊತ್ತಿಗೆ ಕೊಂಪಾಂಗ್ ಸದ್ದು ಕೇಳಿಸಿತು. ತಮಟೆ ಹಾಗಿರುವ ಚರ್ಮವಾದ್ಯ, ಬಡಿಯುವುದು ಮಾತ್ರ ಕೈಯಲ್ಲಿ. ಮುಂದೆ ಉದ್ದ ಕೋಲುಗಳಲ್ಲಿ ಬಣ್ಣದ ಕಾಗದದ ಬುಂಗಾ ಮಂಗ್ಗಾರ್, ಹೊಂಬಾಳೆ ಥರ. ಹಿಂದೆ ಜರಿಯ ಸೊಂಗ್ಕೆಟ್ ಉಟ್ಟ ಮದುಮಗ. ತಲೆಗೆ ರುಮಾಲು, ಸೊಂಟದಲ್ಲಿ ಕ್ರಿಸ್ ಕತ್ತಿ. ಅತ್ತೆ ಎದ್ದು ನಿಂತರು. "ಹುಡುಗ ಕೊಡವರವನೇನೇ?" ಸಕಲೇಶಪುರದ ಕಡೆ ಎಷ್ಟೋ ಕೊಡವರ ಮದುವೆ ಉಂಡವರು ಅವರು. ಪೀಚೆಕತ್ತಿ ನೋಡಿದ ಕಣ್ಣಿಗೆ ಬೇರೆ ಹೇಗೆ ಕಾಣಬೇಕು?

ಹಿರಿಯರೆಲ್ಲ ಒಬ್ಬೊಬ್ಬರಾಗಿ ಮಂಟಪಕ್ಕೆ ಹೋಗಿ ಹರಸುತ್ತಿದ್ದರು. ಎಲೆಯ ಕಟ್ಟಿನಿಂದ ಎರಡು ಹನಿ ಪನ್ನೀರು, ಒಂದೇ ಒಂದು ಚಿಟಿಕೆ ಅಕ್ಕಿ. ದೂರದೂರಿಂದ ಬಂದ ದೊಡ್ಡವರು ಅಂತ ಗೆಳತಿಯ ಅಮ್ಮ ನಮ್ಮತ್ತೆಯನ್ನೂ ಕೈ ಹಿಡಿದು ಕರೆದುಕೊಂಡು ಹೋದರು. ಅತ್ತೆ ತಟ್ಟೆ ನೋಡಿದರು. ಅರಿಶಿನ ಹಚ್ಚಿದ ಅಕ್ಕಿ! ಚಿಟಿಕೆ ಗಿಟಿಕೆ ಎಲ್ಲ ಮರೆತುಹೋಯಿತು. ಎರಡೂ ಕೈ ತುಂಬ ಬಾಚಿ, ಮೂರು ಸಲ, ಇಬ್ಬರ ತಲೆಗೂ ಸುರಿದರು. ಹುಡುಗನ ರುಮಾಲಿನ ಮಡಿಕೆಗಳಲ್ಲಿ ಅಕ್ಕಿ ತುಂಬಿಕೊಂಡಿತು. ಆಮೇಲೆ ಅವನು ತಲೆ ಬಗ್ಗಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಉದುರುತ್ತಿತ್ತು. ಹುಡುಗಿ ನಗು ತಡೆದುಕೊಳ್ಳೋಕೆ ಒದ್ದಾಡಿದಳು. ಜನ ಚಪ್ಪಾಳೆ ಹೊಡೆದರು. ಅತ್ತೆ ತಿರುಗಿ ಜನಕ್ಕೆ ಕೈ ಮುಗಿದರು.

ಊಟಕ್ಕೆ ನಾಸಿ ಮಿನ್ಯಾಕ್, ಅಂದರೆ ತುಪ್ಪದನ್ನ. ನಮಗಾಗಿ ತರಕಾರಿ ಪಲ್ಯ ಬೇರೆ ಮಾಡಿಸಿದ್ದರು. ಅತ್ತೆ ಕಣ್ಣು ಮಾತ್ರ ಬದನೆಕಾಯಿ ತೇಲುತ್ತಿದ್ದ ದಾಲ್ಚಾ ಮೇಲೆ. "ಹುಳಿ ಮಾಡಿದ್ದಾರಲ್ಲೇ!" ಅಂತ ಸೌಟು ಹಾಕಿದರು. ಸೌಟಿನ ಜೊತೆ ಮೂಳೆಯೂ ಬಂತು. ಅತ್ತೆ ಸೌಟನ್ನು ಎಷ್ಟು ಮೆತ್ತಗೆ ವಾಪಸ್ ಇಟ್ಟರು ಅಂದರೆ, ಮಲಗಿದ ಮಗು ಪಕ್ಕ ಹಾಗೆ ಇಡಬೇಕು.

ಇನ್ನು ಮುಯ್ಯಿ. ನೋಟ್‌ಬುಕ್ ಹಿಡಿದು ಕೂರುವ ಚಿಕ್ಕಪ್ಪನನ್ನು ಹುಡುಕಿ ಹುಡುಕಿ ಸಾಕಾಯಿತು. ಆ ಥರದ ಚಿಕ್ಕಪ್ಪ ಇಲ್ಲಿಲ್ಲ. ಹೊರಡುವಾಗ ಮಡಚಿದ ನೋಟನ್ನು ಅಂಗೈಯಲ್ಲಿ ಇಟ್ಟುಕೊಂಡು ಕೈ ಕುಲುಕಬೇಕು. ಹೆಂಗಸರಾದರೆ ಹುಡುಗಿಯ ತಾಯಿಯ ಕೈ. ಕೊಟ್ಟಿದ್ದು ಯಾರಿಗೂ ಕಾಣಬಾರದು, ಅದೇ ಅದರ ಚೆಂದ. ನನ್ನ ಹತ್ತಿರ ಇದ್ದದ್ದು ಉದ್ದನೆಯ ಕವರ್. ಒಳಗೆ 50 ಡಾಲರ್ ನೋಟು, ಸೊನ್ನೆಯಲ್ಲಿ ಮುಗಿಸಬಾರದು ಅಂತ ಅತ್ತೆ ಹಾಕಿಸಿದ್ದ 1 ಡಾಲರ್ ನಾಣ್ಯ. ಕವರನ್ನು ನಾಲ್ಕು ಮಡಿಕೆ ಮಾಡಿ ಕೈ ಚಾಚಿದೆ. ಇಡ್ಲಿ ಕೊಟ್ಟ ಹಾಗಿತ್ತು. ಕವರ್ ಹರಿದು ನಾಣ್ಯ ಠಣ್ ಅಂತ ಬಿದ್ದು, ಉರುಳುತ್ತಾ ಉರುಳುತ್ತಾ ಕೊಂಪಾಂಗ್ ಹುಡುಗರ ಕಾಲ ಸಂದಿಗೆ ಹೋಯಿತು. ಮೂರು ಜನ ಬಗ್ಗಿ ಹುಡುಕಿದರು. ಗುಟ್ಟಾಗಿ ಕೊಡಬೇಕಾದ ಮುಯ್ಯಿ ಕೆಳಗಿನ ಮಹಡಿಗೆಲ್ಲ ಗೊತ್ತಾಯಿತು.

ಬಾಗಿಲಲ್ಲಿ ಅತ್ತೆಗೆ ಒಂದು ಉಡುಗೊರೆ ಕೊಟ್ಟರು. ರೇಷ್ಮೆ ಹೂವು, ಕೆಳಗೆ ಜರಿ ಬಟ್ಟೆ ಸುತ್ತಿದ ಪುಟ್ಟ ಬಟ್ಟಲು. ಬುಂಗಾ ತೆಲೂರ್ ಅಂದಳು ಗೆಳತಿ. ಬುಂಗಾ ಅಂದರೆ ಹೂವು ಅಂತ ಗೊತ್ತಿತ್ತು, ತೆಲೂರ್ ಏನು ಅಂತ ನಾನು ಕೇಳಲಿಲ್ಲ. "ಎಷ್ಟು ಲಕ್ಷಣವಾಗಿದೆ," ಅಂತ ಅತ್ತೆ ಅದನ್ನು ತಂದು ದೇವರ ಗೂಡಿನಲ್ಲಿ ಇಟ್ಟರು. ದಿನಾ ಅದಕ್ಕೂ ಒಂದು ಊದುಬತ್ತಿ ತೋರಿಸುತ್ತಿದ್ದರು.

ಎಂಟನೇ ದಿನ ಮನೆಯಲ್ಲಿ ವಾಸನೆ. ಹಲ್ಲಿ ಸತ್ತಿರಬೇಕು ಅಂತ ಗಂಡ ಸೋಫಾ ಎತ್ತಿದರು. ನಾನು ಫ್ರಿಜ್ ತೊಳೆದೆ. ಅತ್ತೆ ಊದುಬತ್ತಿ ಎರಡು ಜಾಸ್ತಿ ಹಚ್ಚಿದರು. ಕೊನೆಗೆ ಗೆಳತಿಯೇ ಆಫೀಸಿನಲ್ಲಿ ಕೇಳಿದಳು, ಮೊಟ್ಟೆ ತಿಂದಿರಾ ಅಂತ. ಮಕ್ಕಳು ಮರಿ ಆಗಿ ಸಂಸಾರ ಬೆಳೆಯಲಿ ಅಂತ ಬೇಯಿಸಿದ ಮೊಟ್ಟೆ ಕೊಡುತ್ತಾರಂತೆ.

ಅವತ್ತು ಅತ್ತೆ ತಲೆಗೆ ಸ್ನಾನ ಮಾಡಿ, ಗೂಡನ್ನು ಮೂರು ಸಲ ತೊಳೆದರು. ಹೂವನ್ನು ಮಾತ್ರ ಎಸೆಯಲಿಲ್ಲ. ಈಗದು ಹಾಸನದ ಮನೆಯಲ್ಲಿ ಟಿವಿ ಪಕ್ಕ ಇದೆ. ಬಂದವರಿಗೆಲ್ಲ ಸಿಂಗಾಪುರದ ತಾಂಬೂಲ ಅಂತ ತೋರಿಸುತ್ತಾರೆ. ಮಾವನಿಗೆ ಇನ್ನೂ ಮೊಟ್ಟೆ ವಿಷಯ ಹೇಳಿಲ್ಲ.