ಎಸಿ ಇಲ್ಲದ ಗಾಡಿಯ ಎಸಿ ಪಂಪು

"ಎಸಿ ಪಂಪ್ ಹೋಗಿದೆ" ಅಂತ ಮೇಸ್ತ್ರಿ ಹೇಳಿದಾಗ ನಾನು ನಕ್ಕುಬಿಟ್ಟೆ. ಗಾಡಿ 1984ರ ಪ್ರೀಮಿಯರ್ ಪದ್ಮಿನಿ. ಅದರೊಳಗೆ ತಂಪು ಬರಬೇಕಾದರೆ ಕಿಟಕಿಯ ಮೂಲೆಯಲ್ಲಿರುವ ತ್ರಿಕೋನದ ಗಾಜು ತಿರುಗಿಸಬೇಕು.

"ಈ ಗಾಡಿಗೆ ಎಸಿ ಎಲ್ಲಿದೆ ಮೇಸ್ತ್ರಿ?" ಅಂದೆ, ಬಹಳ ತಿಳಿದವನ ಹಾಗೆ.

ಮೇಸ್ತ್ರಿ ನಮ್ಮ ಮಾವನ ಮುಖ ನೋಡಿದರು. ಮಾವ ತೆಂಗಿನಮರದ ತುದಿ ನೋಡಿದರು. ಬೆಂಗಳೂರಿನ ಅಳಿಯ ಅಂದರೆ ಇಷ್ಟೇ ಅನ್ನುವುದು ಇಬ್ಬರಿಗೂ ಮೊದಲೇ ಗೊತ್ತಿದ್ದಂತಿತ್ತು.

ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಕೊಡುವ ಪಂಪಿಗೆ ನಮ್ಮ ಗ್ಯಾರೇಜುಗಳಲ್ಲಿ ಎಸಿ ಪಂಪ್ ಅಂತಲೇ ಹೆಸರು. ಎ.ಸಿ. ಅಂದರೆ ಆಲ್ಬರ್ಟ್ ಚಾಂಪಿಯನ್. ಫ್ರಾನ್ಸಿನಲ್ಲಿ ಸೈಕಲ್ ರೇಸ್ ಹೊಡೆಯುತ್ತಿದ್ದವನು ಅಮೆರಿಕಕ್ಕೆ ಹೋಗಿ ಸ್ಪಾರ್ಕ್ ಪ್ಲಗ್ ಕಂಪನಿ ಕಟ್ಟಿದ. ಆ ಹೆಸರಿನ ಪಂಪುಗಳೂ ಬಂದವು. ಪುಣ್ಯಾತ್ಮನನ್ನು ಎಲ್ಲರೂ ಮರೆತರೂ ತಿಪಟೂರಿನ ಕಡೆಯ ಗ್ಯಾರೇಜುಗಳಲ್ಲಿ ಅವನ ಇನಿಷಿಯಲ್ ಮಾತ್ರ ಗಟ್ಟಿಯಾಗಿ ಉಳಿದಿದೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಮಾನ ಹೋದಮೇಲೆ ಬಂದ ಜ್ಞಾನ.

ಇಷ್ಟಕ್ಕೆಲ್ಲ ಕಾರಣ ಮುಂಬೈ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ಅಂತ ಪೇಪರಿನಲ್ಲಿ ಬಂತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿಗೆ ಹುಟ್ಟಿದೂರೇ ಕೈಮುಗಿದು ಕಳಿಸಿಬಿಟ್ಟಿತಲ್ಲ ಅಂತ ಮಾವನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ, ಹನ್ನೊಂದು ವರ್ಷದಿಂದ ಕೊಟ್ಟಿಗೆಯ ಪಕ್ಕ ಟಾರ್ಪಾಲಿನಡಿ ಮಲಗಿದ್ದ ತಮ್ಮ ಪದ್ಮಿನಿಯ ಮೇಲೆ ಕೈಯಿಟ್ಟು, "ಸಾಯೋದ್ರೊಳಗೆ ಒಂದ್ಸಲ ಇದ್ರಲ್ಲೇ ಮನೆದೇವ್ರಿಗೆ ಹೋಗ್ಬೇಕು ಅಳಿಯಂದ್ರೆ" ಅಂದರು. ಸಾಯೋದು ಯಾರು, ಅವರೋ ಗಾಡಿಯೋ, ಸ್ಪಷ್ಟವಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಟಾರ್ಪಾಲು ತೆಗೆದರೆ ಒಳಗೊಂದು ಸಂಸಾರವೇ ಇತ್ತು. ಏರ್ ಕ್ಲೀನರಿನಲ್ಲಿ ಇಲಿ ತೆಂಗಿನ ನಾರು ತಂದು ಹಾಸಿಗೆ ಮಾಡಿಕೊಂಡಿತ್ತು. ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲಿನ ವಾಸನೆಯಲ್ಲ, ಹಳೇ ವಾರ್ನಿಷ್ ಡಬ್ಬದ ವಾಸನೆ. ಡಿಕ್ಕಿಯಲ್ಲಿ ಜಾಕಿನ ಪಕ್ಕ, ಪೇಪರಿನಲ್ಲಿ ಸುತ್ತಿಟ್ಟ ಎರಡು ಹಳೇ ಎಸಿ ಪಂಪುಗಳು.

"ಇವು ಯಾಕೆ ಮಾವ?"

"ಕೆಟ್ಟೋದವು. ಹಾಕ್ಸಿ ಹಾಕ್ಸಿ ಸಾಕಾಗಿತ್ತು. ಒಂದಕ್ಕಾದ್ರೂ ಯೋಗ್ಯತೆ ಬೇಡ್ವಾ!"

ನಾನು ಅವನ್ನು ಹಾಗೇ ಸುತ್ತಿ ಪಕ್ಕಕ್ಕಿಟ್ಟೆ. ಈ ಪೊಟ್ಟಣ ನಿಮ್ಮ ನೆನಪಿನಲ್ಲಿರಲಿ.

ಮೇಸ್ತ್ರಿಯ ಪರೀಕ್ಷೆ ಸರಳವಾಗಿತ್ತು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ, ಪೈಪು ಸಿಕ್ಕಿಸಿ, ಆಸ್ಪತ್ರೆಯ ಡ್ರಿಪ್ಪಿನ ಹಾಗೆ ಬಾನೆಟ್ಟಿಗೆ ತೂಗುಹಾಕಿ ನೇರ ಕಾರ್ಬುರೇಟರಿಗೆ ಬಿಟ್ಟರು. ಹನ್ನೊಂದು ವರ್ಷ ಮಲಗಿದ್ದ ಇಂಜಿನ್ನು ನಾಲ್ಕು ಸಲ ಕೆಮ್ಮಿ, ಒಮ್ಮೆ ಸೀನಿ, ಎದ್ದು ಕೂತಿತು. ಬಾಟಲಿ ಖಾಲಿಯಾದ ಕೂಡಲೇ ಮತ್ತೆ ಮಲಗಿತು. ಅಲ್ಲಿಗೆ ಪಂಪಿನದೇ ದೋಷ ಅಂತ ತೀರ್ಮಾನವಾಯಿತು. ಬಿಚ್ಚಿದರೆ ಒಳಗೆ ಡಯಾಫ್ರಾಮು ಅನ್ನುವ ತೆಳು ಪೊರೆ ಕರಿದ ಹಪ್ಪಳದಂತಾಗಿತ್ತು. ಅದು ಮೆತ್ತಗಿದ್ದು ಮೇಲೆ ಕೆಳಗೆ ಆಡಿದರಷ್ಟೇ ಪೆಟ್ರೋಲ್ ಏರುವುದು.

ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಅರ್ಧ ದಿನ ಅಲೆದು ಪಂಪಿನ ರಿಪೇರಿ ಕಿಟ್ ತಂದೆ. ಜೋಡಿಸುವ ಕೆಲಸ ನಾನೇ ಮಾಡುತ್ತೇನೆಂದು ಹಟ ಹಿಡಿದೆ. "ಎಸಿ ಎಲ್ಲಿದೆ" ಅಂದ ಅವಮಾನ ಇನ್ನೂ ಆರಿರಲಿಲ್ಲ. ಆಯಿಲ್ ಸೋರಬಾರದೆಂದು ಪಂಪಿಗೂ ಇಂಜಿನ್ನಿಗೂ ನಡುವೆ ಒಂದರ ಬದಲು ಮೂರು ಪ್ಯಾಕಿಂಗ್ ಹಾಳೆ ಹಾಕಿದೆ. ಒಂದು ಹನಿ ಏರಲಿಲ್ಲ. "ಇಂಜಿನ್ ಒಳಗಿನ ಕಡ್ಡಿ ಪಂಪಿನ ಲಿವರನ್ನ ದಬ್ಬೋದೇ ಇಷ್ಟು ದೂರ ಸಾರ್" ಅಂತ ಮೇಸ್ತ್ರಿ ಉಗುರು ತೋರಿಸಿದರು. "ನೀವು ಪಂಪನ್ನ ಆಚೆಗೆ ಸರಿಸಿಬಿಟ್ರೆ ಅದು ಯಾರನ್ನ ದಬ್ಬಬೇಕು?" ಎರಡು ಪ್ಯಾಕಿಂಗ್ ಕಿತ್ತೆ. ಪೆಟ್ರೋಲ್ ಒಳಬರುವ ಬಾಯಿಗೆ ಬೆರಳಿಟ್ಟು ಲಿವರ್ ಆಡಿಸಿದೆ. ಎಳೆಗರು ಬೆರಳು ಚೀಪಿದ ಹಾಗೆ ಪಂಪು ನನ್ನ ಬೆರಳನ್ನು ಹಿಡಿದು ಚೀಪಿತು. ಆ ಸುಖವನ್ನು ಏನೆಂದು ಹೇಳಲಿ! ಟ್ಯಾಂಕಿನ ಬಾಯಲ್ಲಿ ಆಲಿಕೆ ಇದ್ದ ಹಾಗೆಯೇ ಅಂಗಳದಲ್ಲಿ ಗಾಡಿ ಅರ್ಧ ಗಂಟೆ ನಿಲ್ಲದೆ ಓಡಿತು.

ಮರುದಿನ ಮನೆದೇವರಿಗೆ ಹೊರಟೆವು. ಹದಿನೆಂಟು ಕಿಲೋಮೀಟರ್. ದೇವರ ಕೆಲಸಕ್ಕೆ ಅರೆಬರೆ ಬೇಡವೆಂದು ಮಾವ ಬಂಕಿನಲ್ಲಿ ಕುತ್ತಿಗೆವರೆಗೂ ಪೆಟ್ರೋಲ್ ತುಂಬಿಸಿ, ಮುಚ್ಚಳವನ್ನು ತಾವೇ ಬಿಗಿಯಾಗಿ ತಿರುಗಿಸಿದರು. ನಾನು ಸ್ಟೇರಿಂಗಿನ ಪಕ್ಕದ ಗೇರು ಹಾಕಿದೆ. ಹಿಂದೆ ಹೆಂಡತಿ, ಹಣ್ಣುಕಾಯಿ.

ನಾಲ್ಕನೇ ಕಿಲೋಮೀಟರಿನಲ್ಲಿ ಗಾಡಿ ತಡವರಿಸಿ ನಿಂತಿತು.

ಮೇಸ್ತ್ರಿಗೆ ಫೋನ್ ಮಾಡಿದೆ. "ಬಿಸಿಗೆ ಪೆಟ್ರೋಲ್ ಆವಿಯಾಗಿ ಲಾಕ್ ಆಗಿರತ್ತೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ." ಒದ್ದೆ ಮಾಡಲು ಕೈಗೆ ಸಿಕ್ಕಿದ್ದು ಮಾವನ ಹೊಸ ಶಲ್ಯ. ನಾನು ಮುಂದೆ ಶಲ್ಯ ಹೊದಿಸುತ್ತಿದ್ದಾಗ ಮಾವ ಹಿಂದೆ ಹೋಗಿ, ಮುಚ್ಚಳ ತೆಗೆದು ತೆಂಗಿನ ಕಡ್ಡಿ ಅದ್ದಿ ನೋಡಿದರು. ಪೆಟ್ರೋಲ್ ಮುಳ್ಳು ಸತ್ತು ಎಷ್ಟೋ ಕಾಲವಾಗಿತ್ತು. ಅಳಿಯ ಜೋಡಿಸಿದ ಪಂಪಿನಿಂದ ಎಲ್ಲಾದರೂ ಸೋರಿ ಹೋಗುತ್ತಿದೆಯೋ ಅನ್ನುವ ಅನುಮಾನ ಬೇರೆ. ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್!

"ಒದ್ದೆ ಬಟ್ಟೆ ಮಹಿಮೆ" ಅಂದೆ.

"ಕಡ್ಡಿ ಅದ್ದಿದ್ಕೆ ಅದು" ಅಂದರು ಮಾವ. ತಮಾಷೆಗೆ ಅಂದುಕೊಂಡೆ. ಅಲ್ಲ.

ಮತ್ತೆ ನಾಲ್ಕೂವರೆ ಕಿಲೋಮೀಟರಿಗೆ ನಿಂತಿತು. ಶಲ್ಯ, ಕಡ್ಡಿ, ಸ್ಟಾರ್ಟ್. ಆಮೇಲೆ ಐದು ಕಿಲೋಮೀಟರಿಗೆ. "ನೋಡಿ, ಹದಕ್ಕೆ ಬರ್ತಾ ಐತೆ, ಸಲಸಲಕ್ಕೂ ಜಾಸ್ತಿ ಓಡ್ತಾ ಐತೆ" ಅಂತ ಮಾವ ಹುರುಪಿನಲ್ಲಿದ್ದರು. ಮೂರನೇ ಸಲ ಅವರು ಮುಚ್ಚಳ ತೆಗೆಯುವಾಗ ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ, "ರೀ, ಅದೇನು ಉಸ್ ಅಂತು?" ಅಂದಳು.

"ಪೆಟ್ರೋಲ್ ಗ್ಯಾಸು" ಅಂದೆ, ಶಲ್ಯ ಹಿಂಡುತ್ತಾ.

"ಹೊರಗೆ ಬಂದ ಸದ್ದಲ್ಲ ಅದು. ಒಳಗೆ ಎಳ್ಕೊಂಡ ಸದ್ದು. ಮೂರು ಸಲಾನೂ ಅಂತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಣ್ಣೆ ಟಿನ್ನಿಗೆ ಒಂದೇ ತೂತು ಮಾಡಿದ್ರೆ ಎಣ್ಣೆ ಬೀಳತ್ತೇನ್ರೀ? ಆ ಕಡೆ ಗಾಳಿಗೆ ಇನ್ನೊಂದು ತೂತು ಬೇಡ್ವಾ?" ಅಂದಳು.

ನಾನು ಶಲ್ಯ ಕೆಳಗಿಟ್ಟೆ. ಮಾವನ ಕೈಯಿಂದ ಮುಚ್ಚಳ ಇಸಿದುಕೊಂಡು ತಿರುಗಿಸಿ ನೋಡಿದೆ. ನಡುವೆ, ಗಾಳಿ ಆಡುವ ತೂತು ಇರಬೇಕಾದ ಜಾಗದಲ್ಲಿ, ಹೆಬ್ಬೆರಳಿನ ಗುರುತು ಬಿದ್ದಿದ್ದ ಬೂದು ಬಣ್ಣದ ಎಂ-ಸೀಲ್ ಉಂಡೆ. ಪಂಪು ಪಾಪ ಎಳೆಯುತ್ತಲೇ ಇತ್ತು. ಹೋದ ಪೆಟ್ರೋಲಿನ ಜಾಗಕ್ಕೆ ಗಾಳಿ ಬರದೆ ಟ್ಯಾಂಕು ಬಿಗಿಹಿಡಿದು ಕೂತಿತ್ತು. ಮಾವ ಕಡ್ಡಿ ಅದ್ದಲು ಮುಚ್ಚಳ ತೆಗೆದಾಗಲೆಲ್ಲ ಅದಕ್ಕೆ ಉಸಿರು ಬರುತ್ತಿತ್ತು. ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿಯ ಜಾಗ ಹೆಚ್ಚಿ, ಸಲಸಲಕ್ಕೂ ಸ್ವಲ್ಪ ಹೆಚ್ಚು ದೂರ. ಅಂದರೆ ಮಾವ ಹೇಳಿದ್ದೇ ಸರಿ, ಕಡ್ಡಿಯಿಂದಲೇ ಗಾಡಿ ಓಡುತ್ತಿತ್ತು. ಇದನ್ನು ಅವರಿಗೆ ನಾನು ಈವರೆಗೂ ಬಾಯಿಬಿಟ್ಟು ಹೇಳಿಲ್ಲ.

"ಇದನ್ನ ಯಾರು ಮಾವ ಮೆತ್ತಿದ್ದು?"

"ನಾನೇ. ಹೊಸ ಮುಚ್ಚಳ ತಂದಾಗ ತೂತಿತ್ತು. ಅಂಗಡಿಯೋನು ಡ್ಯಾಮೇಜ್ ಪೀಸ್ ತಗ್ಲಾಕವ್ನೆ ಅಂತ ಮುಚ್ದೆ. ಮಳೆ ನೀರು ಹೋದ್ರೆ?"

"ಯಾವಾಗ?"

ಮಾವ ಲೆಕ್ಕ ಹಾಕಿದರು. "ಗಾಡಿ ದಾರೀಲಿ ನಿಲ್ಲೋಕೆ ಶುರುವಾಯ್ತಲ್ಲ..." ಅಂದವರು ಅಲ್ಲಿಗೇ ತಡೆದರು. ಎರಡು ಪಂಪು ಬದಲಾಯಿಸಿ, ಮೂರನೆಯದೂ ಕೈಕೊಟ್ಟಿತೆಂದು ಬೇಸತ್ತು, ಗಾಡಿಗೆ ವಯಸ್ಸಾಯಿತು ಅಂತ ಟಾರ್ಪಾಲು ಹೊದಿಸಿದ್ದು ಅದೇ ವರ್ಷ.

ಹೆಂಡತಿ ಸೀರೆಯ ಪಿನ್ನು ಬಿಚ್ಚಿ ಕೊಟ್ಟಳು. ಎಂ-ಸೀಲ್ ಗಟ್ಟಿಯಾಗಿತ್ತು, ಪಿನ್ನು ಡೊಂಕಾಯಿತು, ಕೊನೆಗೆ ಜಾಕಿನ ಪಕ್ಕದ ಸ್ಕ್ರೂಡ್ರೈವರೇ ಬೇಕಾಯಿತು. ಅದನ್ನು ತರಲು ಡಿಕ್ಕಿ ತೆಗೆದ ಮಾವ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಪೇಪರು ಬಿಚ್ಚಿ, ಎರಡೂ ಪಂಪುಗಳನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು.

"ಅಲ್ಲಾ ಅಳಿಯಂದ್ರೆ," ಅಂದರು ಮೆಲ್ಲಗೆ, "ಆವಾಗಿನ ಮೇಸ್ತ್ರಿಗೆ ನಾನು ಸಂತೇಲಿ ಎಲ್ರೆದುರಿಗೆ ಬೈದಿದ್ದೆ."