ಬಿಡುಗಡೆಯಾದ ಮೇಲೆ ಎಲ್ಲಿಗೆ?

ಅಮೆರಿಕದ ಹ್ಯೂಸ್ಟನ್‌ಗೆ ಬಂದ ಹೊಸತರಲ್ಲಿ ಇಲ್ಲಿನವರಿಗೆ ಎರಡೆರಡು ಸ್ವಾತಂತ್ರ್ಯ ದಿನ ಯಾಕೆ ಎಂದು ತಿಳಿಯುತ್ತಿರಲಿಲ್ಲ. ಜುಲೈ 4 ಸರಿ, ಈ ಜೂನ್ 19 ಯಾವುದು? ಆಫೀಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ, ವಯಸ್ಸಿನಲ್ಲಿ ನನ್ನ ಅಕ್ಕನಂತಿದ್ದ ಕಪ್ಪು ಸಮುದಾಯದ ಹೆಂಗಸೊಬ್ಬರು ನಕ್ಕರು: "ಜುಲೈನದು ದೇಶದ್ದು, ಜೂನ್‌ನದು ನಮ್ಮದು."

ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆ ಹೊರಡಿಸಿದ್ದು 1863ರ ಜನವರಿ 1ರಂದು. ಟೆಕ್ಸಸ್‌ನ ಗುಲಾಮರ ಪಾಲಿಗೆ ಅದು ಜಾರಿಗೆ ಬಂದದ್ದು 1865ರ ಜೂನ್ 19ರಂದು, ಇಲ್ಲಿಂದ ಒಂದು ಗಂಟೆ ದಾರಿಯ ಗ್ಯಾಲ್ವೆಸ್ಟನ್‌ನಲ್ಲಿ ಕೇಂದ್ರ ಸರ್ಕಾರದ ಸೈನ್ಯದ ಜನರಲ್ ಗ್ರೇಂಜರ್ ಆಜ್ಞೆ ಹೊರಡಿಸಿದಾಗ. ಎಲ್ಲರೂ ಈ ತಡವಾದ ಎರಡೂವರೆ ವರ್ಷದ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಆಜ್ಞೆಯ ಒಕ್ಕಣೆ. ಗುಲಾಮರೆಲ್ಲ ಸ್ವತಂತ್ರರು, ಆಸ್ತಿಯ ಹಕ್ಕಿನಲ್ಲೂ ಮಾಲೀಕರಿಗೆ ಸಮಾನರು ಎನ್ನುವ ಅದೇ ಕಾಗದ ಮುಂದುವರಿದು, ಈಗಿರುವ ಮನೆಗಳಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಿರಿ, ಸೋಮಾರಿಗಳಾಗಿ ಕೂತರೆ ಸಾಕುವವರಿಲ್ಲ ಎನ್ನುತ್ತದೆ. ಆಸ್ತಿಯ ಹಕ್ಕು ಸಿಕ್ಕಿತು, ಆಸ್ತಿ ಮಾತ್ರ ಸಿಗಲಿಲ್ಲ.

ಇದನ್ನು ಓದಿದಾಗ ನೆನಪಾದದ್ದು ನಮ್ಮಜ್ಜ. ನಮ್ಮ ಮನೆಯಲ್ಲೂ ಒಬ್ಬ ಜೀತದಾಳು ಇದ್ದ. (ಇಲ್ಲಿ ಕನ್ನಡದ ಗೆಳೆಯರ ಮುಂದೆ ಇದನ್ನು ಹೇಳಿದರೆ ಮಾತು ತಟ್ಟನೆ ಕ್ರಿಕೆಟ್ಟಿಗೆ ಹೊರಳುತ್ತದೆ.) ಅವನಪ್ಪ ಮಾಡಿದ ಸಾಲಕ್ಕೆ ಅವನು ದುಡಿಯುತ್ತಿದ್ದ. ಅಜ್ಜನನ್ನು 'ಬುದ್ಧಿ' ಎನ್ನುತ್ತಿದ್ದ, ಎಂಟು ವರ್ಷದ ನನ್ನನ್ನು 'ಚಿಕ್ಕಬುದ್ಧಿ'. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. "ನಾವೇನು ಅವನನ್ನ ಕಟ್ಟಿಹಾಕಿದ್ವಾ? ಹೋಗೋದಾದ್ರೆ ಹೋಗ್ಲಿ" ಅಂದರು ಅಜ್ಜ. ಅವನು ಹೋಗಲಿಲ್ಲ. ಅಂಗೈಯಗಲ ಹೊಲವಿಲ್ಲದವನು ಹೋಗುವುದಾದರೂ ಎಲ್ಲಿಗೆ? ಅವನಿಗೆ ನಮ್ಮ ಮನೆಯ ಮೇಲೆ ಅಷ್ಟು ಪ್ರೀತಿ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಬಿಡುಗಡೆ, ಸ್ವಾತಂತ್ರ್ಯ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕಟ್ಟಿದವನು ಬಿಟ್ಟರೆ ಅದು ಬಿಡುಗಡೆ. ಬಿಟ್ಟ ಮೇಲೆ ನಿಲ್ಲಲು ನೆಲ ಬೇಕು. ಹ್ಯೂಸ್ಟನ್ನಿನ ಬಿಡುಗಡೆಯಾದ ಗುಲಾಮರಿಗೆ ಇದು ಗೊತ್ತಿತ್ತು. ಜೂನ್ 19ನ್ನು ಆಚರಿಸಲೆಂದೇ 1872ರಲ್ಲಿ ಅವರು ಹಣ ಕೂಡಿಸಿ, 800 ಡಾಲರ್ ಕೊಟ್ಟು ಹತ್ತು ಎಕರೆ ಕೊಂಡರು. ಅದು ಇವತ್ತಿನ ಇಮ್ಯಾನ್ಸಿಪೇಷನ್ ಪಾರ್ಕ್. ಹಬ್ಬಕ್ಕೂ ಮೊದಲು ನೆಲ ಹುಡುಕಿದ ಜನ!

ನಮ್ಮವರು ಇಲ್ಲಿ ಕುಳಿತು ಕಪ್ಪು ಜನರ ಬಗ್ಗೆ "ನಾವು ಓದಿ ದುಡಿದು ಮೇಲೆ ಬಂದೆವು, ಅವರಿಗೇನು ಅಡ್ಡಿ?" ಎನ್ನುವಾಗ ನನಗೆ ಪಂಜಾಬಿನಿಂದ ಇಲ್ಲಿಗೆ ಬಂದಿದ್ದ ಭಗತ್ ಸಿಂಗ್ ಥಿಂಡ್ ನೆನಪಾಗುತ್ತಾರೆ. ನಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯನೇ ಎಂದು ಪೌರತ್ವಕ್ಕಾಗಿ ವಾದಿಸಿ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತವರು. ನಮ್ಮಂಥವರು ಇಷ್ಟು ಸಂಖ್ಯೆಯಲ್ಲಿ ಬರುವಂತಾದದ್ದು 1965ರ ವಲಸೆ ಕಾಯ್ದೆಯಿಂದ. ಅದರ ಹಿಂದಿನ ವರ್ಷವಷ್ಟೇ ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಪೊಲೀಸ್ ನಾಯಿಗಳ ಎದುರು ನಿಂತು ಅದನ್ನು ಗಿಟ್ಟಿಸಿದವರು ಕಪ್ಪು ಜನ, ನಾವಲ್ಲ. ನಾವು ಆ ಗಾಳಿಗೆ ತೆರೆದ ಬಾಗಿಲಿನಿಂದ ಒಳಗೆ ಬಂದವರು.

ನನ್ನ ಮಗ ಕಾರು ಕಲಿತಾಗ ಪಾರ್ಕಿಂಗ್ ಹೇಗೆ ಮಾಡಬೇಕೆಂದು ಹೇಳಿಕೊಟ್ಟೆ. ಆಫೀಸಿನ ಆ ಹೆಂಗಸು ತಮ್ಮ ಮಗನಿಗೆ ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತೆ ಇಡುವುದನ್ನು ಮೊದಲು ಕಲಿಸಿದರಂತೆ.

ಕಳೆದ ಜೂನ್‌ನಲ್ಲಿ ಅಮ್ಮನಿಗೆ ಫೋನ್ ಮಾಡಿದಾಗ ಆ ಜೀತದಾಳಿನ ವಿಷಯ ಕೇಳಿದೆ. "ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲೋ" ಅಂದರು. ಮನೆಯವರು? "ಊರು ಬಿಟ್ರಂತೆ. ಎಲ್ಲಿದಾರೋ ಗೊತ್ತಿಲ್ಲ. ಯಾಕೆ, ಈಗ ಯಾಕೆ ಕೇಳ್ತೀಯ?"